ದೂರು, ಆಮೇಲೆ ವರದಿ

ರೂರಿಕ್ ನ್ಯೂಮನ್ ಅವರೇ,
ಹದಿನೆಂಟು ಯೂರೋ ನಿಮಗೆ ಸಂದಿದೆ, ಬ್ಯಾಂಕಿನವರು ಹೇಳಿದರು.
ನಿಮ್ಮ ಕೀಲಿ ನನಗೆ ಸಂದಿದೆ, ನಾನೇ ಹೇಳುತ್ತಿದ್ದೇನೆ.
ಬಾಗಿಲು ಮಾತ್ರ ತೆರೆಯಲಿಲ್ಲ.

ನಾನು ಹಿಲ್ಕಾ ತೆರ್ವೊ. ಊರು ಕೆಮಿ,
ಸಮುದ್ರವೂ ಚಳಿಗೆ ಗಟ್ಟಿಯಾಗುವ ಕಡೆ.
ಹೊಕ್ಕು ಎಂಬರ್ಥದ ಹೆಸರಿಟ್ಟು ನೀವು ಬರೆದ
ನೇಯ್ಗೆಯ ಪ್ರೋಗ್ರಾಮು, ಆ 'ಕುದೆ'ಯನ್ನು
ಇಪ್ಪತ್ತೊಂಬತ್ತು ವರ್ಷ ಡೆಮೊದಲ್ಲೇ ಓಡಿಸಿದವಳು.
ನಾಚಿಕೆಯೇನಿಲ್ಲ. ಪತ್ರಿಕೆಯೊಂದರ ಜೊತೆ ಪುಕ್ಕಟೆ ಬಂದಿತ್ತು.
ಉಳಿಸಲು ಬಿಡುತ್ತಿರಲಿಲ್ಲ. ಪರದೆ ನೋಡಿ ನೋಡಿ
ಚೌಕದ ಪುಸ್ತಕಕ್ಕೆ ಪೆನ್ಸಿಲಿನಲ್ಲಿ ಇಳಿಸುತ್ತಿದ್ದೆ:
ಕಪ್ಪು, ಬಿಳಿ, ಕಪ್ಪು, ಕಪ್ಪು,
ಅಷ್ಟರಲ್ಲಿ ಒಲೆಯ ಮೇಲೆ ಕಾಫಿ ಉಕ್ಕುತ್ತಿತ್ತು.

ಅಚ್ಚು ಹಾಕಿದರೆ ವಿನ್ಯಾಸದ ಮೈಮೇಲೆ ಓರೆಯಾಗಿ
ಡೆಮೊ ಡೆಮೊ ಡೆಮೊ.
ಒಂದು ಚಳಿಗಾಲ ಸಿಟ್ಟು ನೆತ್ತಿಗೇರಿ
ಅದನ್ನೂ ಸೇರಿಸಿಯೇ ನೇಯ್ದುಬಿಟ್ಟೆ.
ಕೆಂಪು ಹಾಸು, ಬೂದಿ ಬಣ್ಣದ ಹೊಕ್ಕು, ನಡುವೆ ನಿಮ್ಮ ಬೈಗುಳ.
ಆ ಜಮಖಾನ ಇವತ್ತಿಗೂ ಸೌನಾದ ಹೊರಕೋಣೆಯಲ್ಲಿದೆ.
ಒದ್ದೆಗಾಲಿನ ನೆಂಟರು ಕೇಳುತ್ತಾರೆ,
ಇದು ಡೆಮೊ ಅಂದಮೇಲೆ ಅಸಲು ಎಲ್ಲಿ?

ಇರಲಿ. ದೂರು ಕೇಳಿ.

ಮೊದಲ ದಿನ ಫ್ಲಾಪಿ ನುಂಗಿ ಗರಗರ ಅಂದು
ಇದು ಡಿಸ್ಕೇ ಅಲ್ಲ ಅಂದಿತು ನನ್ನ ಅಮಿಗಾ.
ಮೇಲಿನ ಮಹಡಿಯ ತೌನೊ ಬಂದ,
ಹಿಮ ಒಡೆಯುವ ಹಡಗಿನಲ್ಲಿ ವೈರು ನೋಡಿಕೊಳ್ಳುತ್ತಿದ್ದವನು.
ಫ್ಲಾಪಿಯ ಮೂಲೆಯ ತೂತಿಗೆ ಗಾಯದ ಪಟ್ಟಿ ಮೆತ್ತಿದ.
"ಎರಡು ತೂತು ಕಂಡರೆ ಅದಕ್ಕೆ ಗೊಂದಲ."
ಮೆತ್ತಿದ್ದೇ ತಡ, ಡಿಸ್ಕು ಡಿಸ್ಕಾಯಿತು.

ಎರಡನೆಯ ದಿನ ಕೀಲಿ ಇತ್ತು, ಹೆಸರು ಮುರಿದಿತ್ತು.
ಲೈಬ್ರರಿಯ ಕಂಪ್ಯೂಟರಿನಲ್ಲಿ ತುಂಬಿಕೊಂಡು ಬಂದೆನಲ್ಲ,
ಅದು ನನ್ನನ್ನು ಎಂಟಕ್ಷರಕ್ಕೆ ಕತ್ತರಿಸಿ
ತುದಿಗೊಂದು ಅಲೆಗೀಟು, ಒಂದಂಕೆ ಅಂಟಿಸಿತ್ತು.
ತೆರ್ವೊ ಒಂದು.
ಮಿಲ್ಲಿನ ಹಾಜರಿ ಪುಸ್ತಕದಲ್ಲೂ ಹೀಗೇ,
ತೆರ್ವೊ ಒಂದು ನಾನು, ತೆರ್ವೊ ಎರಡು ನನ್ನ ತಂಗಿ,
ಹಾಗಾಗಿ ನೋವಾಗಲಿಲ್ಲ.
ಅಕ್ಷರ ಅಕ್ಷರ ಕುಟ್ಟಿ ಹಿಲ್ಕಾಳನ್ನು ಮತ್ತೆ ಹೊಲಿದೆ.

ಮೂರನೆಯ ದಿನ 'ಕುದೆ' ಬಾಯಿಬಿಟ್ಟಿತು:
ಪರವಾನಗಿ ಇನ್ನೂ ಶುರುವಾಗಿಲ್ಲ.
ಇನ್ನೂ!
ನಿಮಗೆ ಬರೆದೆ. ನಡುರಾತ್ರಿ ಎರಡೂ ಮುಕ್ಕಾಲಿಗೆ
ನಿಮ್ಮ ಉತ್ತರ, ಒಂದೇ ಸಾಲು:
ಇವತ್ತು ಯಾವ ದಿನ ಅಂತ ಅದನ್ನೇ ಕೇಳಿ.

ಕೇಳಿದೆ. ಹೇಳಿತು.
ಭಾನುವಾರ, ಜನವರಿ ಒಂದು,
ಸಾವಿರದ ಒಂಬೈನೂರ ಎಪ್ಪತ್ತೆಂಟು.

ಒಳಗಿನ ಪುಟ್ಟ ಬ್ಯಾಟರಿ ಸೋರಿ ಉಪ್ಪಾಗಿತ್ತು.
ಹುಳುಕು ಹಲ್ಲು ಕಿತ್ತ ಹಾಗೆ ಕಿತ್ತ ತೌನೊ.
ಎಷ್ಟು ಸಲ ಎದ್ದರೂ ಅದಕ್ಕೆ ಅದೇ ಭಾನುವಾರ.
ಅಲ್ಲಿ ಮಿಲ್ಲಿನ ಚಿಮಣಿಯಲ್ಲಿ ಹೊಗೆ ಇದೆ,
ನನಗೆ ಇಪ್ಪತ್ತಮೂರು, ಮಗ್ಗ ಮುಟ್ಟಿದವಳಲ್ಲ,
ನೀವು ಶಾಲೆಯಲ್ಲಿರಬೇಕು, ಮೂಗು ಸುರಿಸಿಕೊಂಡು.
ಪಾಪ, ಆ ದಿನದಲ್ಲಿ ನಿಂತ ಯಂತ್ರ ಹೇಗೆ ನಂಬೀತು
ಇನ್ನೂ ಹುಟ್ಟದ ನಾಣ್ಯದಲ್ಲಿ ನಾನು ತೆತ್ತ ಬೆಲೆಯನ್ನು?

ಇವತ್ತಿನ ತಾರೀಖು ಕುಟ್ಟಿದೆ.
ಡೆಮೊ ಹೋಯಿತು, ಆವಿ ಹಿಡಿದ ಕಿಟಕಿ ಒರೆಸಿದ ಹಾಗೆ.
ಮೊದಲ ಸಲ 'ಉಳಿಸು' ಒತ್ತಿ
ಫ್ಲಾಪಿ ಕರಕರ ತಿರುಗುವುದನ್ನು ಕೇಳುತ್ತ ಕೂತೆ.
ಕೈಗೆ ಕೆಲಸವಿಲ್ಲ.
ಪೆನ್ಸಿಲು ಕಿವಿಯ ಹಿಂದೆ ಹಾಗೇ ಇತ್ತು.

ಹೊಸ ಬ್ಯಾಟರಿ ಬೆಸೆದು ಕೊಡುತ್ತೇನೆ ಅನ್ನುತ್ತಾನೆ ತೌನೊ.
ನೋಡೋಣ ಅಂದಿದ್ದೇನೆ.
ಬೆಳಿಗ್ಗೆ ಎದ್ದು ಯಾರಿಗಾದರೂ
ಇವತ್ತು ಇಂಥ ದಿನ ಅಂತ ತಿಳಿಸಿ ಹೇಳುವುದು,
ಅವರು ಹೂಂ ಅಂತ ಒಪ್ಪುವುದು,
ಅದೇನು ಕೆಟ್ಟ ಕೆಲಸವಲ್ಲ.

ಕೊನೆಗೊಂದು ಪ್ರಶ್ನೆ, ತುರ್ತಿಲ್ಲ.
ಸೌನಾದ ಜಮಖಾನ ಸವೆದು 'ಡೆ' ಹರಿದಿದೆ.
ಹಣ ಕೊಟ್ಟವರು
ಆ ಅಕ್ಷರಗಳನ್ನು ಮತ್ತೆ ಅಚ್ಚು ಹಾಕುವುದು ಹೇಗೆ?